ಮೊದಲ ಬಾಟಲಿ ಬಿದ್ದಾಗಲೇ ಆಟ ನಿಲ್ಲಿಸಬೇಕಿತ್ತು

ಕೊಡಗಿನಲ್ಲಿ ರಾತ್ರಿ ಫುಟ್‌ಬಾಲ್ ನೋಡೋಕೆ ಮಕ್ಕಳನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಇದನ್ನು ಓದಿ ಹೋಗಿ. ಊರಿನ ಹೆಸರು, ಸಂಘದ ಹೆಸರು ಬರೆಯುವುದಿಲ್ಲ. ಬರೆದರೆ ಜಗಳ ಊರೂರಿನ ನಡುವೆ ಶುರುವಾಗುತ್ತದೆ, ವಿಷಯ ಅಲ್ಲೇ ಉಳಿಯುತ್ತದೆ.

ಕೊಡಗು ಅಂದ್ರೆ ಹಾಕಿ ಅಂತ ಹೊರಗಿನವರು ಅಂದುಕೊಂಡಿದ್ದಾರೆ. ಸುಂಟಿಕೊಪ್ಪ, ಸಿದ್ದಾಪುರ, ಅಮ್ಮತ್ತಿ ಕಡೆ ಬಂದು ನೋಡಲಿ, ಇಲ್ಲಿ ಫುಟ್‌ಬಾಲ್ ಹುಚ್ಚು ಏನೂ ಕಮ್ಮಿ ಇಲ್ಲ. ಕಾಫಿ ಕುಯ್ಲು ಮುಗಿದ ಮೇಲೆ ಮಳೆ ಹಿಡಿಯುವ ತನಕ ಸೆವೆನ್ಸ್ ಟೂರ್ನಿ ಇದ್ದೇ ಇರುತ್ತದೆ. ತಂಡಕ್ಕೆ 7 ಜನ, ಚಿಕ್ಕ ಮೈದಾನ, ಗೆರೆಯಿಂದ ಕೈಯಳತೆಯಲ್ಲೇ ಜನ. ಕೇರಳದ ತಂಡಗಳು ಬರುತ್ತವೆ, ಅವುಗಳ ಜೊತೆ ಒಬ್ಬಿಬ್ಬರು ಆಫ್ರಿಕಾದ ಆಟಗಾರರೂ.

ನಾನು ಅಕ್ಕನ ಮಗನನ್ನು ಕರೆದುಕೊಂಡು ಹೋಗಿದ್ದೆ. 9 ವರ್ಷ ಅವನಿಗೆ. ಗೋಲ್ ಪೋಸ್ಟ್ ಹಿಂದಿನ ಗ್ಯಾಲರಿಯಲ್ಲಿ ಜಾಗ ಸಿಕ್ಕಿತು. ಅಡಿಕೆ ಮರಗಳನ್ನು ನೀಲಿ ಪ್ಲಾಸ್ಟಿಕ್ ಹಗ್ಗದಲ್ಲಿ ಬಿಗಿದು ಮಾಡಿದ ಗ್ಯಾಲರಿ. ಕೂತಾಗಲೇ ಕಿರ್ರ್ ಅಂದಿತು. ಆಗಲೇ ಇಳಿದುಬಿಡಬೇಕಿತ್ತು, ಇಳಿಯಲಿಲ್ಲ.

ನಮ್ಮ ಕೆಳಗಿನ ಸಾಲಿನಲ್ಲಿ ಏಳೆಂಟು ಹುಡುಗರು. ಕೈಯಲ್ಲಿ ಜ್ಯೂಸ್ ಬಾಟಲಿ, ಒಳಗಿದ್ದದ್ದು ಜ್ಯೂಸ್ ಅಲ್ಲ. ಎದುರಾಳಿ ತಂಡದ ಕಪ್ಪು ಆಟಗಾರ ಚೆಂಡು ಮುಟ್ಟಿದಾಗಲೆಲ್ಲ ಮಂಗನ ಹಾಗೆ ಕೂಗೋಕೆ ಶುರು ಮಾಡಿದರು. ಸುತ್ತ ಇದ್ದವರು ನಕ್ಕರು. ನಾನು ನಗಲಿಲ್ಲ, ಆದರೆ ಸುಮ್ನೆ ಇದ್ದೆ, ಅದೇನು ದೊಡ್ಡ ವ್ಯತ್ಯಾಸ ಅಲ್ಲ. ಆಮೇಲೆ ಒಂದು ನೀರಿನ ಬಾಟಲಿ ಹಾರಿ ಲೈನ್ಸ್‌ಮನ್ ಕಾಲ ಹತ್ತಿರ ಬಿತ್ತು. ಆತ ಹಿಂದೆ ತಿರುಗಿ ನೋಡಿ, ಅದನ್ನು ಕಾಲಿನಲ್ಲಿ ಆಚೆ ತಳ್ಳಿ, ಬಾವುಟ ಹಿಡಿದು ಓಡಿದ. ಮೈಕ್‌ನವನು "ಅಣ್ಣನಿಗೆ ಬಾಯಾರಿಕೆ ಆಗಿದೆ ಅಂತ ಕಾಣುತ್ತೆ" ಅಂತ ಜೋಕ್ ಮಾಡಿದ.

ಹತ್ತು ನಿಮಿಷ ಆಗಿರಬೇಕು, ಪೆನಾಲ್ಟಿ ಕೊಟ್ಟರು. ಬಾಟಲಿ, ಕಲ್ಲು, ಕುರ್ಚಿ, ಒಂದರ ಹಿಂದೆ ಒಂದು. ಮೈದಾನದ ಗೆರೆಯ ಆಚೆ ಕಟ್ಟಿದ್ದ ಹಗ್ಗ ಕಿತ್ತು ಜನ ಒಳಗೆ ನುಗ್ಗಿದರು, ಮೇಲಿನ ಸಾಲಿನವರೆಲ್ಲ ಒಟ್ಟಿಗೆ ಎದ್ದು ನಿಂತರು, ನಮ್ಮ ಕೆಳಗಿನ ಮರ ಲಟ್ ಅಂತ ಮುರಿಯಿತು. ಅಷ್ಟು ಸಾಲದು ಅಂತ ಯಾರೋ ಪುಣ್ಯಾತ್ಮ, ಕತ್ತಲಾದರೆ ಮನೆಗೆ ಹೋಗ್ತಾರೆ ಅಂದುಕೊಂಡು, ಫ್ಲಡ್‌ಲೈಟ್ ಆರಿಸಿಬಿಟ್ಟ.

ಹೊರಗೆ ಹೋಗೋಕೆ ಇದ್ದದ್ದು ಒಂದೇ ದಾರಿ. ಒಂದು ಕಡೆ ನಿಲ್ಲಿಸಿದ್ದ ಜೀಪು, ಇನ್ನೊಂದು ಕಡೆ ಕಬಾಬ್ ಗಾಡಿ, ನಡುವೆ ಇಬ್ಬರು ನುಸುಳುವಷ್ಟು ಸಂದು. ಗಾಡಿಯ ಮೇಲೆ ಕಾದ ಎಣ್ಣೆಯ ಬಾಣಲೆ. ಆ ಕಬಾಬಿನವನು ಗ್ಯಾಸ್ ಆರಿಸಿ, ಬಾಣಲೆಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ನಿಂತು "ಮಕ್ಕಳು ಮೊದಲು, ಮಕ್ಕಳು ಮೊದಲು" ಅಂತ ಅರಚುತ್ತಿದ್ದ. ಇಡೀ ಮೈದಾನದಲ್ಲಿ ತಲೆ ಓಡಿಸಿದವನು ಅವನೊಬ್ಬನೇ. ಹುಡುಗನ ಒಂದು ಶೂ ಹೋಯಿತು. ನನ್ನ ಎಡ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿದೆ, ಇದನ್ನು ಒಂದೇ ಕೈಯಲ್ಲಿ ಟೈಪ್ ಮಾಡುತ್ತಿದ್ದೇನೆ.

ಇಷ್ಟಕ್ಕೇ ಮುಗಿದದ್ದು ಅದೃಷ್ಟ. 1980ರ ಆಗಸ್ಟ್ 16ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಗಾನ್, ಈಸ್ಟ್ ಬೆಂಗಾಲ್ ಪಂದ್ಯದ ವೇಳೆ 16 ಜನ ಸತ್ತರು. ಎರಡೂ ಕಡೆಯ ಅಭಿಮಾನಿಗಳನ್ನು ಒಂದೇ ಗ್ಯಾಲರಿಯಲ್ಲಿ ಕೂರಿಸಿದ್ದರು. 2022ರ ಅಕ್ಟೋಬರ್ 1ರಂದು ಇಂಡೋನೇಷ್ಯಾದ ಕಂಜುರುಹಾನ್ ಕ್ರೀಡಾಂಗಣದಲ್ಲಿ ಜನ ಮೈದಾನಕ್ಕಿಳಿದರು, ಪೊಲೀಸರು ಅಶ್ರುವಾಯು ಸಿಡಿಸಿದರು, ಗೇಟುಗಳ ಹತ್ತಿರ ನೂಕುನುಗ್ಗಲಾಗಿ 135 ಜನ ಸತ್ತರು. ಅಷ್ಟು ದೂರ ಯಾಕೆ, ಅದೇ ವರ್ಷ ಮಾರ್ಚ್‌ನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ನಮ್ಮದರಂಥದ್ದೇ ತಾತ್ಕಾಲಿಕ ಗ್ಯಾಲರಿ ಕುಸಿದು ತುಂಬಾ ಜನ ಗಾಯಗೊಂಡರು. 2024ರಲ್ಲಿ ಅದೇ ಜಿಲ್ಲೆಯಲ್ಲಿ ಐವರಿ ಕೋಸ್ಟ್‌ನ ಆಟಗಾರನೊಬ್ಬನನ್ನು ಪ್ರೇಕ್ಷಕರೇ ಅಟ್ಟಿಸಿಕೊಂಡು ಹೋಗಿ ಹೊಡೆದರು.

ಫುಟ್‌ಬಾಲ್ ನಿಯಮದ ಪ್ರಕಾರ ಹೊರಗಿನವರು ಅಡ್ಡಿ ಮಾಡಿದರೆ ಆಟ ನಿಲ್ಲಿಸುವ, ಬೇಕಾದರೆ ಪಂದ್ಯವನ್ನೇ ಕೈಬಿಡುವ ಅಧಿಕಾರ ರೆಫ್ರಿಗೆ ಇದೆ. ಆ ಮೊದಲ ಬಾಟಲಿಗೇ ಸೀಟಿ ಊದಿ, ಆ ಏಳೆಂಟು ಹುಡುಗರನ್ನು ಹೊರಗೆ ಕಳಿಸಿದ್ದರೆ ಐದು ನಿಮಿಷ ಹಾಳಾಗುತ್ತಿತ್ತು, ಅಷ್ಟೇ. ಇದನ್ನೇ ಸಂಘದವರಿಗೆ ಹೇಳಿದೆ. "ಸ್ವಲ್ಪ ಗಲಾಟೆ ಇಲ್ಲಾಂದ್ರೆ ಜನ ಬರಲ್ಲ ಅಣ್ಣ" ಅಂದರು.

ಹೋಗಲೇಬೇಕು ಅಂದ್ರೆ ಮೊದಲು ಹೊರದಾರಿ ಎಷ್ಟಿವೆ ಎಣಿಸಿ. ಮಕ್ಕಳಿದ್ದರೆ ಗ್ಯಾಲರಿ ಹತ್ತಲೇಬೇಡಿ, ಗೆರೆಯ ಪಕ್ಕ ನಿಲ್ಲಿ. ಆಟಗಾರನ ಬಣ್ಣ ಹಿಡಿದು ಬೈಯೋದು ಶುರುವಾಯಿತು ಅಂದ್ರೆ ಅರ್ಧ ಪಂದ್ಯ ಬಾಕಿ ಇದ್ದರೂ ಹೊರಟುಬಿಡಿ.

ಮರುದಿನ ಶೂ ಹುಡುಕೋಣ ಅಂತ ಹುಡುಗ ಹಟ ಹಿಡಿದ. ಹೋದೆವು. ಶೂ ಸಿಗಲಿಲ್ಲ. ಭಾನುವಾರ ಫೈನಲ್ ಅಂತೆ, ನಾಲ್ಕು ಜನ ಅದೇ ಅಡಿಕೆ ಮರಗಳಿಗೆ ಅದೇ ನೀಲಿ ಹಗ್ಗ ಬಿಗಿಯುತ್ತಿದ್ದರು.