ಫೌಂಡೇಶನ್ ಶೇಡ್: ಮಾಲ್ ಕೌಂಟರ್, ಮೊಬೈಲ್ ಆ್ಯಪ್, ಮನೆಯ ಕಿಟಕಿ

ನನ್ನದು ಎಣ್ಣೆಗೆಂಪು ಬಣ್ಣ. ಹಣೆ ಮತ್ತು ಬಾಯಿಯ ಸುತ್ತ ತುಸು ಕಪ್ಪು, ಕೆನ್ನೆ ತಿಳಿ, ಕತ್ತು ಇವೆರಡರ ನಡುವೆ. ಇಂಥ ಮುಖಕ್ಕೆ ಫೌಂಡೇಶನ್, ಅಂದರೆ ಮುಖದ ಬಣ್ಣ ಸಮನಾಗಿ ಕಾಣಲು ಹಚ್ಚುವ ಮೇಕಪ್, ಆರಿಸುವ ಮೊದಲು ಅದನ್ನು ಯಾವ ಜಾಗಕ್ಕೆ ಹೊಂದಿಸಬೇಕು ಎಂದು ತೀರ್ಮಾನಿಸಿಕೊಳ್ಳಬೇಕು. ನಾನು ಕತ್ತಿಗೆ ಹೊಂದಿಸುತ್ತೇನೆ. ಕತ್ತಿಗಿಂತ ಮುಖ ಬೆಳ್ಳಗಾದರೆ ಮದುವೆಮನೆಯ ಫೋಟೊದಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಅದೇ.

ಮಾಲ್‌ನ ಕೌಂಟರ್‌ನಲ್ಲಿ ದೊಡ್ಡ ಲಾಭವೆಂದರೆ ಶೇಡ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಮಾರುವ ಹುಡುಗಿ ಸಾಮಾನ್ಯವಾಗಿ ಮುಂಗೈ ಮೇಲೆ ಹಚ್ಚುತ್ತಾಳೆ. ಬಿಸಿಲಿಗೆ ಬಿದ್ದ ಕೈಗೂ ಮುಖಕ್ಕೂ ತಾಳೆಯಿಲ್ಲ. ದವಡೆಯ ಅಂಚಿನಲ್ಲಿ, ಕತ್ತಿನವರೆಗೆ ಇಳಿಯುವಂತೆ ಮೂರು ಗೆರೆ ಎಳೆಯಿರಿ ಎಂದು ಕೇಳಿದೆ. ಮೊದಲನೆಯದು ಬೂದಿ ಬಳಿದಂತೆ ಕಂಡಿತು, ಮೂರನೆಯದು ಇಟ್ಟಿಗೆಗೆಂಪಿಗೆ ತಿರುಗಿತು, ನಡುವಿನದು ಎಲ್ಲಿದೆ ಎಂದು ಹುಡುಕಬೇಕಾಯಿತು. ಹುಡುಕಬೇಕಾದ ಗೆರೆಯೇ ನಮ್ಮ ಶೇಡ್. ಆದರೆ ಕೌಂಟರ್‌ನ ಹಳದಿ ದೀಪವನ್ನು ನಂಬುವಂತಿಲ್ಲ. ಕೈಗನ್ನಡಿ ಹಿಡಿದು ಬಾಗಿಲಾಚೆ ಹೋಗಿಯೇ ನೋಡಬೇಕು. ಜೊತೆಗೆ "ಒಂದು ಶೇಡ್ ಲೈಟ್ ತಗೊಳ್ಳಿ ಮೇಡಂ, ಬ್ರೈಟ್ ಆಗಿ ಕಾಣುತ್ತೆ" ಎಂಬ ಸಲಹೆ ಪುಕ್ಕಟೆಯಾಗಿ ಬರುತ್ತದೆ. ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಎಂದು ಹೆಸರು ಬದಲಿಸಿಕೊಂಡಿತು. ಈ ಸಲಹೆ ಮಾತ್ರ ಬದಲಾಗಿಲ್ಲ.

ಕ್ಯಾಮೆರಾದಲ್ಲಿ ಮುಖ ನೋಡಿ ಶೇಡ್ ಹೇಳುವ ಮೊಬೈಲ್ ಆ್ಯಪ್ ಮನೆಯಲ್ಲೇ ಕೂತು, ಯಾರ ಮುಲಾಜೂ ಇಲ್ಲದೆ ನೋಡುವ ದಾರಿ. ಕಿಟಕಿಯ ಬಳಿ ನಿಂತರೆ ಒಂದು ಶೇಡ್ ಹೇಳಿತು, ಟ್ಯೂಬ್‌ಲೈಟ್ ಕೆಳಗೆ ಬಂದರೆ ಇನ್ನೊಂದು. ಎಷ್ಟೋ ಸೆಲ್ಫಿ ಕ್ಯಾಮೆರಾಗಳು ತಾವಾಗಿಯೇ ಮುಖವನ್ನು ತಿಳಿಗೊಳಿಸುವುದರಿಂದ ಅದರ ಶಿಫಾರಸನ್ನು ಅಂತಿಮ ಎನ್ನಲಾಗದು. ಖಂಡಿತ ಬೇಡದ ಶೇಡ್‌ಗಳನ್ನು ಕಳೆಯಲು ಸಾಕು, ಅಷ್ಟೇ. ಚರ್ಮದ ಛಾಯೆ ಹೊಂಬಣ್ಣದ್ದೋ ಗುಲಾಬಿಯದೋ ಎಂದು ತಿಳಿಯಲು ಮಣಿಕಟ್ಟಿನ ನರ ಹಸಿರೋ ನೀಲಿಯೋ ಎಂದು ನೋಡುವ ಪರೀಕ್ಷೆ ನನ್ನಂಥ ಚರ್ಮದಲ್ಲಿ ಏನನ್ನೂ ಹೇಳಲಿಲ್ಲ.

ಬಾಟಲಿಯ ಮೇಲಿನ ಸಂಖ್ಯೆಯೂ ಅದೇ ಕಂಪನಿಯ ಒಳಗಷ್ಟೇ ಉಪಯೋಗಕ್ಕೆ ಬರುತ್ತದೆ. ಮೇಬೆಲಿನ್ ಕಂಪನಿಯ ಫಿಟ್ ಮಿ ಫೌಂಡೇಶನ್‌ನಲ್ಲಿ 230, 310, 330 ಎಂದು ಏರಿದಂತೆ ಬಣ್ಣ ಗಾಢವಾಗುತ್ತದೆ. ಮ್ಯಾಕ್ ಕಂಪನಿಯದರಲ್ಲಿ ಸಂಖ್ಯೆಗೆ ಮೊದಲು ಎನ್‌ಸಿ ಇದ್ದರೆ ಹೊಂಬಣ್ಣದ ಛಾಯೆಯವರಿಗೆ, ಎನ್‌ಡಬ್ಲ್ಯೂ ಇದ್ದರೆ ಗುಲಾಬಿ ಛಾಯೆಯವರಿಗೆ. ಒಂದರ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ.

ನನ್ನ ಮತ ಮೂರನೆಯ ದಾರಿಗೆ: ಅಕ್ಕಪಕ್ಕದ ಎರಡು ಶೇಡ್‌ಗಳ ಚಿಕ್ಕ ಪ್ಯಾಕ್ ತಂದು ಮನೆಯಲ್ಲಿ ಬೆರೆಸಿಕೊಳ್ಳುವುದು. ಫೌಂಡೇಶನ್‌ನ ಬಣ್ಣವೆಲ್ಲ ಬಿಳಿಯ ಟೈಟಾನಿಯಂ ಡೈಆಕ್ಸೈಡ್ ಮತ್ತು ಕೆಂಪು, ಹಳದಿ, ಕಪ್ಪು ಐರನ್ ಆಕ್ಸೈಡ್‌ಗಳ ಆಟ. ಬಿಳಿ ಹೆಚ್ಚಾಗಿ ಹಳದಿ, ಕೆಂಪು ಕಡಿಮೆಯಾದರೆ ನಮ್ಮಂಥವರ ಮುಖ ಬೂದಿಯಾಗುತ್ತದೆ. ಅಂಗೈ ಹಿಂಭಾಗದಲ್ಲಿ ತಿಳಿಯದರ ಎರಡು ಹನಿಗೆ ಗಾಢದ್ದೊಂದು ಹನಿ ಸೇರಿಸಿ, ಬೆರಳಲ್ಲಿ ಕಲಸಿ, ದವಡೆಗೆ ಹಚ್ಚಿ ಬೆಳಗಿನ ಬೆಳಕಿಗೆ ನಿಲ್ಲುತ್ತೇನೆ. ಅಲ್ಲಿಗೆ ಮುಗಿಯಲಿಲ್ಲ. ಹಚ್ಚಿದ್ದು ಆರಿ, ಚರ್ಮದ ಎಣ್ಣೆ ಬೆರೆತಾಗ ಬಣ್ಣ ಇನ್ನಷ್ಟು ಗಾಢವಾಗಬಹುದು. ಆಕ್ಸಿಡೈಸ್ ಆಗುವುದು ಎಂದು ಬ್ಯೂಟಿ ಪಾರ್ಲರ್‌ಗಳಲ್ಲಿ ಹೇಳುವುದು ಇದನ್ನೇ. ಹೀಗಾಗಿ ಅಡುಗೆ, ಸ್ನಾನದ ನೀರು, ಪೇಪರು ಎಲ್ಲ ಮುಗಿಸಿಕೊಂಡು ಮತ್ತೆ ಕನ್ನಡಿ ನೋಡುತ್ತೇನೆ. ಕೌಂಟರ್‌ನಲ್ಲಿ ಈ ಪುರುಸೊತ್ತು ಎಲ್ಲಿ?

ಎರಡು ಪ್ಯಾಕ್‌ಗೆ ಖರ್ಚು ಹೆಚ್ಚು, ನಿಜ. ಎರಡೂ ಒಂದೇ ಕಂಪನಿಯ, ಒಂದೇ ಬಗೆಯವಾಗಿರಬೇಕು. ನೀರಿನಂಶದ್ದಕ್ಕೆ ಸಿಲಿಕೋನ್‌ನದ್ದು ಸೇರಿಸಿದರೆ ಒಡೆದು ಗಂಟಾಗಬಹುದು. ಆದರೆ ಏಪ್ರಿಲ್ ಬಿಸಿಲಿಗೆ ಕಪ್ಪಾದಾಗ ಗಾಢದ ಹನಿ ಒಂದು ಹೆಚ್ಚು, ಮಳೆಗಾಲ ಕಳೆದು ತಿಳಿಯಾದಾಗ ಒಂದು ಕಡಿಮೆ. ಹೊಸ ಬಾಟಲಿ ಬೇಕಿಲ್ಲ.

ಅವಸರದಲ್ಲಿ ಒಂದೇ ಬಾಟಲಿ ಕೊಳ್ಳುವವರಿಗೆ ಕೌಂಟರ್ ವಾಸಿ: ದವಡೆಯ ಮೇಲೆ ಹಚ್ಚಿಸಿಕೊಂಡು, ಹಣ ಕೊಡದೆ ಹೊರಗೊಂದು ಸುತ್ತು ಕಾಫಿಗೆ ಹೋಗಿ, ಬಂದು ನೋಡಿ ಕೊಳ್ಳಿ. ಮದುವೆಗೆಂದೇ ಕೊಳ್ಳುವುದಾದರೆ ಫ್ಲ್ಯಾಶ್ ಹಾಕಿ ಒಂದು ಫೋಟೊ ತೆಗೆಸಿಕೊಳ್ಳಿ. ಎಸ್‌ಪಿಎಫ್ (ಬಿಸಿಲಿನಿಂದ ರಕ್ಷಣೆ) ಇರುವ ಕೆಲವು ಫೌಂಡೇಶನ್‌ಗಳು ಕನ್ನಡಿಯಲ್ಲಿ ಸರಿಯಾಗಿದ್ದೂ ಫ್ಲ್ಯಾಶ್‌ಗೆ ಬೆಳ್ಳಗೆ ಹೊಳೆಯುತ್ತವೆ.