ಹಳೆಯ ರೆಡ್ ವೈನ್ ಯಾವಾಗ ತೆರೆಯಬೇಕು? ವಿಜಯಪುರದ ಸೆಕೆಯಲ್ಲಿ ನಾಲ್ಕು ದಾರಿ

ರೆಡ್ ವೈನ್ ಹಳೆಯದಾದಷ್ಟೂ ರುಚಿ ಅನ್ನೋ ಮಾತು ಎಲ್ಲಾ ಬಾಟಲಿಗೂ ಹೊಂದುವುದಿಲ್ಲ. ಅಂಗಡಿಯಲ್ಲಿ ಸಿಗುವ ಬಹುಪಾಲು ರೆಡ್‌ಗಳನ್ನು ಕೆಲವೇ ವರ್ಷದಲ್ಲಿ ಕುಡಿದು ಮುಗಿಸಲೆಂದೇ ಮಾಡಿರುತ್ತಾರೆ. ಇಟ್ಟು ಕಾಯಬೇಕಾದದ್ದು ಒಗರು, ಹುಳಿ, ಹಣ್ಣಿನ ರುಚಿ ಮೂರೂ ಗಟ್ಟಿಯಾಗಿರುವಂಥವನ್ನು. ಕ್ಯಾಬರ್ನೆ ಸೊವಿನ್ಯೋ, ನೆಬ್ಬಿಯೋಲೊ, ಒಳ್ಳೆಯ ಶಿರಾಜ್ ದ್ರಾಕ್ಷಿಯ ವೈನ್‌ಗಳು ಈ ಸಾಲಿನವು. ಕಾಯುತ್ತಾ ಹೋದಂತೆ ಒಗರು ಮೆತ್ತಗಾಗಿ ತಳದಲ್ಲಿ ಗಸಿಯಾಗಿ ಕೂರುತ್ತದೆ, ಹಣ್ಣಿನ ರುಚಿಯ ಜಾಗಕ್ಕೆ ತೊಗಲು, ತಂಬಾಕಿನ ವಾಸನೆ ಬರುತ್ತದೆ. ತುಂಬಾ ಕಾದರೆ ಉಳಿಯೋದು ಹುಳಿ ನೀರು.

ನಮ್ಮದು ದ್ರಾಕ್ಷಿ ಬೆಳೆಯುವ ಮನೆ. ತೋಟದಲ್ಲಿರೋದು ಥಾಮ್ಸನ್ ತಳಿ, ಅದೆಲ್ಲ ಒಣದ್ರಾಕ್ಷಿಗೆ ಹೋಗುತ್ತದೆ. ಬಾಟಲಿ ಕೂಡಿಡುವ ಹುಚ್ಚು ನನ್ನೊಬ್ಬನದು. ಹಳೇ ಕಲ್ಲಿನ ಮನೆಯ ಕೆಳಗಿನ ಕೋಣೆಯಲ್ಲಿ ಅರ್ಧ ಇಟ್ಟಿದ್ದೇನೆ, ಉಳಿದರ್ಧ ಇನ್‌ವರ್ಟರ್ ಮೇಲೆ ನಡೆಯುವ ವೈನ್ ಫ್ರಿಜ್‌ನಲ್ಲಿವೆ. ಹೊರಗೆ 40 ದಾಟಿದಾಗ ಕೆಳಗಿನ ಕೋಣೆ 28ರ ಸುತ್ತ ಇರುತ್ತದೆ. ಮನುಷ್ಯರಿಗೆ ಅದು ತಂಪು. ವೈನ್‌ಗೆ ಬೇಕಾದದ್ದು 12ರಿಂದ 14 ಡಿಗ್ರಿ. "ಹಗೇವಿನ್ಯಾಗ ಇಡೋ" ಅಂತ ಕಾಕಾ ಹೇಳಿದ್ದರು. ಹಗೇವು ಅಂದರೆ ಕಾಳು ತುಂಬಿಡುವ ನೆಲದಡಿಯ ಗುಂಡಿ. ಅದು ಮಾತ್ರ ಬೇಡವೇ ಬೇಡ. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ, ಇಳಿದವರ ಜೀವವೇ ಹೋಗಬಹುದು.

ಮೊದಲು ನಂಬಿದ್ದು ಚಾರ್ಟ್‌ಗಳನ್ನು. ಯಾವ ಸೀಮೆಯ ಯಾವ ವರ್ಷದ ವೈನ್ ಯಾವಾಗ ಕುಡಿಯಬೇಕು ಅಂತ ಪಟ್ಟಿ ಮಾಡಿರುತ್ತಾರಲ್ಲ, ಅವು. ವರ್ಷದಿಂದ ವರ್ಷಕ್ಕೆ ಇರುವ ವ್ಯತ್ಯಾಸ ತಿಳಿಯೋಕೆ ಇವು ಚೆನ್ನಾಗಿವೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ 2010 ಒಣ ಹವೆಯ, ಗಟ್ಟಿ ಒಗರಿನ ವರ್ಷ. 2013ರಲ್ಲಿ ಚಳಿ, ಮಳೆ, ಗೊನೆಯಲ್ಲಿ ಕೊಳೆ. ಹಾಗಾಗಿ 2013ನ್ನು ಬೇಗ ಮುಗಿಸಬೇಕು, 2010 ಕಾಯುತ್ತದೆ. ಇಷ್ಟು ಸರಿ. ಆದರೆ ಚಾರ್ಟ್ ಬರೆದವರು ತಂಪು ನೆಲಮಾಳಿಗೆಯನ್ನು ಮನಸ್ಸಿನಲ್ಲಿಟ್ಟು ಬರೆದಿರುತ್ತಾರೆ. ನಮ್ಮ ಏಪ್ರಿಲ್, ಮೇ ಅವರ ಲೆಕ್ಕದಲ್ಲಿ ಇಲ್ಲ. ಅಂಗಡಿಯ ಗೋದಾಮಿನಲ್ಲಿ, ಲಾರಿಯಲ್ಲಿ ಬಾಟಲಿ ಎಷ್ಟು ಕಾದಿದೆ ಅನ್ನೋದೂ ಇಲ್ಲ.

ಎರಡನೆಯದು ಸೂಜಿ. 2013ರಲ್ಲಿ ಮಾರುಕಟ್ಟೆಗೆ ಬಂದ ಕೊರಾವಿನ್ ಅನ್ನೋ ಸಾಧನ ಕಾರ್ಕ್ ಕೀಳದೆ ಟೊಳ್ಳು ಸೂಜಿಯನ್ನು ಒಳಗಿಳಿಸುತ್ತದೆ, ಆರ್ಗಾನ್ ಅನಿಲ ತುಂಬಿ ವೈನ್ ಹೊರಗೆ ತಳ್ಳುತ್ತದೆ. ಸೂಜಿ ತೆಗೆದ ಮೇಲೆ ಕಾರ್ಕ್ ತಾನೇ ಮುಚ್ಚಿಕೊಳ್ಳುತ್ತದೆ. ಒಂಟಿ ದುಬಾರಿ ಬಾಟಲಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ. ತೊಂದರೆ ಎರಡು. ಪುಡಿಪುಡಿಯಾಗುವ ಹಳೇ ಕಾರ್ಕ್ ಸರಿಯಾಗಿ ಮುಚ್ಚಿಕೊಳ್ಳೋದಿಲ್ಲ, ಅಂದರೆ ಪರೀಕ್ಷೆ ಜಾಸ್ತಿ ಬೇಕಾದ ಬಾಟಲಿಗೇ ಅಪಾಯ ಜಾಸ್ತಿ. ಇನ್ನೊಂದು, ಹೀಗೆ ತೆಗೆದ ಎರಡು ಗುಟುಕು ಗಾಳಿ ಕಂಡಿರುವುದಿಲ್ಲ, ವಾಸನೆ ರುಚಿ ಬಿಚ್ಚಿಕೊಳ್ಳದೆ ಬಿಗಿಯಾಗಿರುತ್ತದೆ. ಲೋಟದಲ್ಲಿ ಅರ್ಧ ಗಂಟೆ ಬಿಡದೆ ತೀರ್ಪು ಕೊಡಬೇಡಿ. ಅನಿಲದ ಕ್ಯಾಪ್ಸೂಲ್ ಖರ್ಚು ಬೇರೆ.

ನನ್ನ ಮತ ಮೂರನೆಯದಕ್ಕೆ. ಒಂದೇ ವೈನ್‌ನ ಹಲವು ಬಾಟಲಿ ಕೊಂಡು ವರ್ಷಕ್ಕೊಂದು ತೆರೆಯುವುದು. ಮಹಾರಾಷ್ಟ್ರದ ಅಕ್ಲೂಜಿನ ಫ್ರಾಟೆಲ್ಲಿ ಕಂಪನಿಯವರ ಸೆಟ್ಟೆ ಅನ್ನೋ ರೆಡ್ ನಮಗೆ ಹತ್ತಿರದ ಸೀಮೆಯದು, ಸಾಂಜಿಯೋವೇಸೆ ಮತ್ತು ಕ್ಯಾಬರ್ನೆ ದ್ರಾಕ್ಷಿ ಬೆರೆತದ್ದು, ಇಂಥ ಪ್ರಯೋಗಕ್ಕೆ ಒಗ್ಗುತ್ತದೆ. ತೆರೆದ ದಿನ ಅರ್ಧ ಕುಡಿಯಿರಿ. ಉಳಿದರ್ಧಕ್ಕೆ ಕಾರ್ಕ್ ಒತ್ತಿ ತಂಪಿನಲ್ಲಿಡಿ. ಮರುದಿನ ಸಂಜೆ ರುಚಿ ನೋಡಿ. ನಿನ್ನೆಗಿಂತ ಇವತ್ತು ಚೆನ್ನಾಗಿದ್ದರೆ ಉಳಿದ ಬಾಟಲಿಗಳಿಗೆ ಇನ್ನೂ ವರ್ಷಗಳಿವೆ. ಎರಡೂ ದಿನ ಒಂದೇ ಥರ ಇದ್ದರೆ ಕುಡಿಯುವ ಹೊತ್ತು ಬಂದಿದೆ. ಸೊರಗಿ ಹೋಗಿದ್ದರೆ ಬೇಗ ಮುಗಿಸಿ. ಇಪ್ಪತ್ತು ವರ್ಷ ದಾಟಿದ ಬಾಟಲಿಗೆ ಈ ಪರೀಕ್ಷೆ ನಡೆಯೋದಿಲ್ಲ, ಅದು ಒಂದೆರಡು ಗಂಟೆಯಲ್ಲೇ ಮಂಕಾಗಬಹುದು. ಪರೀಕ್ಷೆಯ ದಿನ ಊಟಕ್ಕೆ ರಂಜಕ ಇಡಬೇಡಿ, ಆ ಖಾರದ ಮುಂದೆ ಎಲ್ಲಾ ವೈನೂ ಒಂದೇ.

ಈ ದಾರಿಯಿಂದಲೇ ಒಂದು ದೊಡ್ಡ ವಿಷಯ ಗೊತ್ತಾಯಿತು. ಒಂದೇ ವರ್ಷದ ಒಂದೇ ಕ್ಯಾಬರ್ನೆಯನ್ನು ಕೋಣೆಯಲ್ಲೂ ಫ್ರಿಜ್‌ನಲ್ಲೂ ಇಟ್ಟು ಜೊತೆಜೊತೆಗೆ ತೆರೆದೆ. ಫ್ರಿಜ್‌ನದು ಕೆಂಪಗೆ, ಚುರುಕಾಗಿತ್ತು. ಕೋಣೆಯದರ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿ, ಮೂಗಿಗೆ ನಮ್ಮ ಒಣದ್ರಾಕ್ಷಿ ಶೆಡ್ಡಿನ ಹಾಗೆ ಹೊಡೆಯುತ್ತಿತ್ತು. ಚಾರ್ಟ್ ಇವೆರಡಕ್ಕೂ ಒಂದೇ ವರ್ಷ ಹೇಳುತ್ತದೆ, ಅಲ್ವಾ?

ಕಣ್ಣಿನಲ್ಲಿ ನೋಡಿ ನಿರ್ಧರಿಸೋದು ನಾಲ್ಕನೆಯದು. ಬೆಳಕಿಗೆ ಹಿಡಿದು ವೈನ್ ಮಟ್ಟ ನೋಡಬೇಕು. ಕುತ್ತಿಗೆಯಲ್ಲಿದ್ದರೆ ಚಿಂತೆ ಇಲ್ಲ, ಹೆಗಲಿಗೆ ಇಳಿದಿದ್ದರೆ ಒಳಗೆ ಗಾಳಿ ಸೇರಿದೆ. ಕಾರ್ಕ್ ಮೇಲೆದ್ದಿದ್ದರೆ, ಅಂಟು ಜಿನುಗಿದ್ದರೆ ಬಿಸಿ ತಾಗಿದೆ ಅಂತ. ಪುಕ್ಕಟೆ ಪರೀಕ್ಷೆ, ಆದರೆ ಕೆಡುತ್ತಿರೋದನ್ನು ಮಾತ್ರ ಹೇಳುತ್ತದೆ. ಚೆನ್ನಾಗಿರೋದು ಯಾವಾಗ ಹಣ್ಣಾಗುತ್ತದೆ ಅಂತ ಹೇಳೋದಿಲ್ಲ.

ಹಾಗಾಗಿ ಈಗ ನಮ್ಮ ಮನೆಯ ಲೆಕ್ಕ ಹೀಗಿದೆ. ಕೊಳ್ಳುವಾಗ ಚಾರ್ಟ್, ಪ್ರತಿ ಬೇಸಿಗೆ ಮುಗಿದ ಮೇಲೆ ಒಮ್ಮೆ ಕಣ್ಣು, ಜೋಡಿ ಇದ್ದದ್ದಕ್ಕೆ ಮರುದಿನದ ಪರೀಕ್ಷೆ, ಒಂಟಿಗೆ ಸೂಜಿ. ಕೆಳಗಿನ ಕೋಣೆಯ ಬಾಟಲಿಗಳಿಗೆ ಮಾತ್ರ ಯಾವ ಪರೀಕ್ಷೆಯೂ ಬೇಡ, ಮುಂದಿನ ಬೇಸಿಗೆಗೆ ಮೊದಲೇ ಖಾಲಿ ಮಾಡುತ್ತೇವೆ. ಫ್ರಿಜ್‌ನ 2010ರ ಬೋರ್ಡೋಗೆ ಹೋದ ಚಳಿಗಾಲ ಸೂಜಿ ಹಾಕಿದ್ದೆ. ಒಗರು ಇನ್ನೂ ಹಲ್ಲಿಗೆ ಹಿಡಿಯುತ್ತಿತ್ತು. ಆದರೆ ಸೂಜಿ ತಾಗಿದ ಕಾರ್ಕನ್ನು ವರ್ಷಗಟ್ಟಲೆ ನಂಬುವ ಧೈರ್ಯ ನನಗಿಲ್ಲ. ಈ ದೀಪಾವಳಿಗೆ ತೆರೆದು, ಜಗ್ಗಿಗೆ ಬಗ್ಗಿಸಿ, ಎರಡು ಗಂಟೆ ಗಾಳಿಗೆ ಬಿಡುವುದು ಅಂತ ಆಗಿದೆ.