ಸೆಪ್ಟೆಂಬರಿನ ಜಪಾನ್ ಪ್ರವಾಸಕ್ಕೆ ರೈಲ್ ಪಾಸ್ ಬೇಕೆ?

2024ರ ಸೆಪ್ಟೆಂಬರ್ ಮಧ್ಯದಲ್ಲಿ ನಾವಿಬ್ಬರು ಜಪಾನಿಗೆ ಹೊರಟಾಗ, ಬೆಂಗಳೂರಿನ ಟ್ರಾವೆಲ್ ಏಜೆಂಟರೊಬ್ಬರು ವಿಮಾನದ ಟಿಕೆಟ್ಟಿನ ಜೊತೆಗೇ ಏಳು ದಿನಗಳ ಜಪಾನ್ ರೈಲ್ ಪಾಸನ್ನೂ, ಅಂದರೆ ಅಷ್ಟು ದಿನ ಜಪಾನ್ ರೈಲ್ವೆಯ (ಜೆಆರ್) ರೈಲುಗಳಲ್ಲಿ ಎಷ್ಟು ಸಲ ಬೇಕಾದರೂ ಓಡಾಡಬಹುದಾದ ಚೀಟಿಯನ್ನೂ, ಕೊಡಿಸಿದರು. "ಜಪಾನಿಗೆ ಹೋಗುವವರೆಲ್ಲ ತಗೋತಾರೆ ಸಾರ್" ಎಂಬುದಷ್ಟೇ ಅವರು ಕೊಟ್ಟ ಕಾರಣ. ಯಾವ ಯಾವ ಊರಿಗೆ ಹೋಗುತ್ತೀರಿ ಎಂದು ಅವರು ಕೇಳಲಿಲ್ಲ; ಲೆಕ್ಕ ಹಾಕುವ ಗೋಜಿಗೆ ನಾವೂ ಹೋಗಲಿಲ್ಲ.

ಅವರ ಮಾತು ಒಂದು ಕಾಲಕ್ಕೆ ಸರಿಯಾಗಿಯೇ ಇತ್ತು. ಸಾಮಾನ್ಯ ದರ್ಜೆಯ ಪಾಸಿಗೆ ಆಗ 29,650 ಯೆನ್ ಇದ್ದುದರಿಂದ, ಟೋಕಿಯೊದಿಂದ ಕ್ಯೋಟೋಗೆ ಒಮ್ಮೆ ಹೋಗಿಬಂದರೆ ಕೊಟ್ಟ ಹಣ ಹೆಚ್ಚುಕಡಿಮೆ ಹುಟ್ಟುತ್ತಿತ್ತು. 2023ರ ಅಕ್ಟೋಬರಿನಲ್ಲಿ ಅದು ಒಮ್ಮೆಲೇ 50,000 ಯೆನ್‌ಗೆ ಏರಿತು. ನಾವು ಸುತ್ತಿದ್ದು ಟೋಕಿಯೊದಿಂದ ಹಿರೋಷಿಮಾ, ಅಲ್ಲಿಂದ ಕ್ಯೋಟೋ, ಮತ್ತೆ ಟೋಕಿಯೊ. ಬಿಡಿ ಟಿಕೆಟ್ ಕೊಂಡಿದ್ದರೆ ತಲೆಗೆ ಸುಮಾರು 45,000 ಯೆನ್‌ನಲ್ಲಿ ಮುಗಿಯುತ್ತಿತ್ತು. ಈ ಮಾರ್ಗದಲ್ಲಿ ಎಲ್ಲಕ್ಕಿಂತ ವೇಗದ ನೊಝೊಮಿ ರೈಲನ್ನು ಹತ್ತಬೇಕೆಂದರೆ ಪಾಸಿದ್ದವರೂ ಪ್ರತ್ಯೇಕವಾಗಿ ಹಣ ತೆರಬೇಕು. ಟೋಕಿಯೊ–ಕ್ಯೋಟೋ ನಡುವೆ ಅದು 4,960 ಯೆನ್. ನಾವು ಸುಮ್ಮನೆ ಪಾಸ್ ನಡೆಯುವ, ಸ್ವಲ್ಪ ನಿಧಾನದ ಹಿಕಾರಿ ರೈಲಿನಲ್ಲೇ ಕುಳಿತೆವು.

ಬಳಕೆಯ ಮಟ್ಟಿಗೆ ಪಾಸಿನಲ್ಲಿ ಕೊರತೆಯಿಲ್ಲ. ಟಿಕೆಟ್ಟಿನಷ್ಟೇ ಗಾತ್ರದ ಚೀಟಿಯನ್ನು ಗೇಟಿನ ಸಂದಿಗೆ ತೂರಿಸಿದರೆ ಆಚೆ ತುದಿಯಲ್ಲಿ ಅದು ಎದ್ದು ನಿಂತಿರುತ್ತದೆ, ಮರೆಯದೆ ಎತ್ತಿಕೊಳ್ಳಬೇಕು, ಏಕೆಂದರೆ ಕಳೆದರೆ ಇನ್ನೊಂದು ಕೊಡುವುದಿಲ್ಲ. ಸೀಟು ಕಾದಿರಿಸುವುದಕ್ಕೆ ಶುಲ್ಕವಿಲ್ಲ, ಮಿಯಾಜಿಮಾ ದ್ವೀಪಕ್ಕೆ ಹೋಗುವ ಜೆಆರ್ ದೋಣಿಗೂ ಪಾಸ್ ನಡೆಯುತ್ತದೆ. ಸೂಟ್‌ಕೇಸಿನ ಉದ್ದ, ಅಗಲ, ದಪ್ಪ ಮೂರೂ ಸೇರಿ 160 ಸೆಂಟಿಮೀಟರ್ ದಾಟಿದರೆ ಈ ಮಾರ್ಗದ ಶಿಂಕಾನ್‌ಸೆನ್ ಬುಲೆಟ್ ರೈಲಿನಲ್ಲಿ ಸಾಮಾನಿನ ಜಾಗವಿರುವ ಸೀಟನ್ನೇ ಕಾದಿರಿಸಬೇಕೆಂಬ ನಿಯಮವಿದೆ. ಮನೆಯಲ್ಲಿ ಹೊಲಿಗೆಯ ಟೇಪು ಹಿಡಿದು ಅಳೆದಾಗ ನಮ್ಮದು 163 ಬಂತು, ಚಕ್ರಗಳದ್ದೇ ತಂಟೆ.

ದರಕ್ಕಿಂತ ಮಿಗಿಲಾಗಿ ಯೋಚಿಸಬೇಕಾದದ್ದು ಋತುವನ್ನು. ಕ್ಯಾಲೆಂಡರಿನಲ್ಲಿ ಶರತ್ಕಾಲ ಎಂದಿದ್ದರೂ ಸೆಪ್ಟೆಂಬರ್ ಅಲ್ಲಿ ಚಂಡಮಾರುತಗಳ ತಿಂಗಳು, ಮತ್ತು ಬಿರುಗಾಳಿಯ ಮುನ್ಸೂಚನೆ ಸಿಕ್ಕರೆ ರೈಲ್ವೆಯವರು ಮೊದಲೇ ಪ್ರಕಟಿಸಿ ಓಡಾಟವನ್ನು ನಿಲ್ಲಿಸುತ್ತಾರೆ. ನಾವು ಹೋಗುವ ಕೆಲವೇ ದಿನಗಳ ಮುಂಚೆ, ಆಗಸ್ಟ್ ಕೊನೆಯಲ್ಲಿ ಶಾನ್‌ಶಾನ್ ಚಂಡಮಾರುತ ಬಂದಾಗ, ಟೋಕಿಯೊ–ಕ್ಯೋಟೋ ದಾರಿಯ ಮಿಶಿಮಾ–ನಗೋಯಾ ನಡುವೆ ಶಿಂಕಾನ್‌ಸೆನ್ ದಿನಗಟ್ಟಲೆ ಓಡಲಿಲ್ಲ. ಅಂಥ ಹೊತ್ತಿನಲ್ಲಿ ಬಿಡಿ ಟಿಕೆಟ್ಟಿನ ಹಣ ಪೂರ್ತಿ ವಾಪಸು ಬರುತ್ತದೆ. ಪಾಸಿನ ಏಳು ದಿನಗಳಾದರೋ ನಾವು ಹೋಟೆಲಿನ ಕಿಟಕಿಯಲ್ಲಿ ಮಳೆ ನೋಡುತ್ತ ಕುಳಿತಿದ್ದರೂ ಕರಗುತ್ತಲೇ ಹೋಗುತ್ತವೆ. ಅದಕ್ಕೆ ಅವಧಿ ವಿಸ್ತರಣೆಯಾಗಲಿ ಮರುಪಾವತಿಯಾಗಲಿ ಇಲ್ಲ. ನಮ್ಮ ಪಾಲಿಗೆ ಆಕಾಶ ತಿಳಿಯಾಗಿತ್ತು, ಬಚಾವಾದೆವು.

ಕೆಂಪೆಲೆಯ ಆಸೆಯಿಂದ ಹೋಗುವವರ ಲೆಕ್ಕ ಬೇರೆ. ಕ್ಯೋಟೋದ ಮೇಪಲ್ ಮರಗಳು ಕೆಂಪಾಗುವುದು ನವೆಂಬರ್ ಕೊನೆಗೆ. ಸೆಪ್ಟೆಂಬರಿನಲ್ಲೇ ಬಣ್ಣ ನೋಡಬೇಕಾದರೆ ಉತ್ತರದ ಹೊಕ್ಕೈಡೋ ದ್ವೀಪದ ದೈಸೆತ್ಸುಝಾನ್ ಬೆಟ್ಟಗಳಿಗೆ ಹೋಗಬಹುದು. ಟೋಕಿಯೊದಿಂದ ಆ ದ್ವೀಪದ ಸಪ್ಪೊರೊ ನಗರಕ್ಕೆ ಹೋಗಿಬರುವ ದರವೊಂದೇ 50,000 ಯೆನ್ ಮೀರುವುದರಿಂದ ಅಂಥವರು ಪಾಸ್ ಕೊಳ್ಳಬಹುದು. ಒಂದು ಕಡೆಯ ಪ್ರಯಾಣಕ್ಕೆ ಸುಮಾರು ಎಂಟು ಗಂಟೆ ಹಿಡಿಯುತ್ತದೆ, ಮತ್ತು ಅಲ್ಲಿಂದ ಮುಂದೆ ಬೆಟ್ಟಗಳಿಗೆ ಹತ್ತಿರದ ಅಸಾಹಿಕಾವಾದಲ್ಲಿ ಇಳಿದು ಬೆಟ್ಟದ ಬುಡಕ್ಕೆ ಹತ್ತುವ ಬಸ್ಸಿಗೆ ಈ ಪಾಸ್ ನಡೆಯುವುದಿಲ್ಲ.